ಒಂಬತ್ತು ಅಡಿಯ ಫ್ಲೈ ರಾಡ್: ಆರು ಶರತ್ಕಾಲ ಬಳಸಿದ ಮೇಲೆ

ಮೀನು ಹಿಡಿಯುವ ಈ ರಾಡ್ ಕೈ ಸೇರಿ ಆರು ಶರತ್ಕಾಲಗಳಾದವು. ಒಂಬತ್ತು ಅಡಿ ಉದ್ದ, ನಾಲ್ಕು ತುಂಡು, ಐದು ವೇಟ್ (ದಾರದ ಭಾರದ ಅಳತೆ), ಕಾರ್ಬನ್ ಫೈಬರ್ ಮೈ, ಕಾರ್ಕ್ ಹಿಡಿಕೆ. ತುದಿಯಷ್ಟೇ ಬಾಗುವ ಬಿರುಸು ರಾಡ್ ಅಲ್ಲ. ನಡುವಿನವರೆಗೂ ಬಳುಕುವ ಮೀಡಿಯಂ ಆ್ಯಕ್ಷನ್. ಮೊದಲ ವರ್ಷವೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಎರಡು ಅಂಕ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಈಗ ನಾಲ್ಕು ಕೊಡುತ್ತೇನೆ. ತಡೆಹಿಡಿದ ಆ ಒಂದು ಅಂಕದ ಕತೆಯೂ ಕೆಳಗಿದೆ.

ಬಳಸುವುದು ಎಲ್ಲಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸರೋವರದಲ್ಲಿ ದೋಣಿಯ ಮೇಲೆ ಕುಳಿತು ಎಸೆಯುವವರಿಗೆ ಈ ಮಾತುಗಳು ಒಗ್ಗುವುದಿಲ್ಲ. ನಾನು ಮೀನು ಹಿಡಿಯುವುದು ಬೆಟ್ಟದ ಹೊಳೆಯಲ್ಲಿ, ಮಂಡಿಯುದ್ದದ ನೀರಿನಲ್ಲಿ ನಿಂತು, ಕಾಡು ರೇನ್‌ಬೋ ಟ್ರೌಟ್‌ಗಾಗಿ, ಅದೂ ಹೆಚ್ಚಾಗಿ ಶರತ್ಕಾಲದಲ್ಲಿ. ಬೇಸಿಗೆಯಲ್ಲಿ ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಚೀಲದಿಂದ ರಾಡ್ ತೆಗೆಯುವುದೇ ಇಲ್ಲ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ಸೆಣಸಿ ಬಳಲಿದ ಮೀನನ್ನು ಮರಳಿ ಬಿಟ್ಟರೂ ಅದು ಬದುಕುವ ಭರವಸೆ ಇಲ್ಲ. ಇರುಳಿನ ಚಳಿಗೆ ನೀರು 10ರಿಂದ 15 ಡಿಗ್ರಿಗೆ ಇಳಿದ ಮೇಲೆ ಹೊಳೆಗೆ ಮತ್ತೆ ಜೀವ ಬರುತ್ತದೆ. ಬ್ರೌನ್ ಟ್ರೌಟ್ ಈ ಹೊತ್ತಿಗೆ ಮೊಟ್ಟೆಯಿಡುವ ಗಡಿಬಿಡಿಯಲ್ಲಿದ್ದರೆ, ವಸಂತದಲ್ಲಿ ಮೊಟ್ಟೆಯಿಡುವ ರೇನ್‌ಬೋಗೆ ಈಗ ಹೊಟ್ಟೆಯ ಚಿಂತೆಯೊಂದೇ. ಆದರೆ ಹೊಳೆ ಬಡಕಲಾಗಿ, ತಳದ ಕಲ್ಲು ಎಣಿಸುವಷ್ಟು ತಿಳಿಯಾಗಿರುತ್ತದೆ. ನಾವು ಮೀನನ್ನು ಕಾಣುವ ಮೊದಲೇ ಅದು ನಮ್ಮನ್ನು ಕಂಡಿರುತ್ತದೆ.

ಮೊದಲ ವರ್ಷ ನನ್ನದು ಒಂದೇ ತಕರಾರು: ರಾಡ್ ಮೆದು. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಪುಕ್ಕ, ನೂಲು ಸುತ್ತಿದ ಕೃತಕ ನೊಣಕ್ಕೆ, ಅಂದರೆ ಫ್ಲೈಗೆ, ತೂಕವೇ ಇಲ್ಲ; ದಾರದ ಭಾರವೇ ಅದನ್ನು ಹೊತ್ತೊಯ್ಯಬೇಕು. ಐದು ವೇಟ್ ಎಂದರೆ ದಾರದ ಮೊದಲ 30 ಅಡಿ 140 ಗ್ರೇನ್, ಅಂದರೆ ಸುಮಾರು ಒಂಬತ್ತು ಗ್ರಾಂ ತೂಗಬೇಕೆಂಬ ಲೆಕ್ಕ. ಅದನ್ನು ಹಿಂದಕ್ಕೆ ಬೀಸಿ, ಪೂರ್ತಿ ಚಾಚಿಕೊಳ್ಳುವ ತನಕ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಬಿರುಸು ರಾಡ್ ಆತುರಗಾರನ ತಪ್ಪನ್ನು ಅಷ್ಟಿಷ್ಟು ಮುಚ್ಚಿಹಾಕುತ್ತದೆ. ಇದು ಮುಚ್ಚುವುದಿಲ್ಲ. ಕಾಯದೆ ಬೀಸಿದರೆ ದಾರ ಗುಪ್ಪೆಯಾಗಿ ಮೂಗಿನ ಮುಂದೆ ಬೀಳುತ್ತದೆ. ದಡದ ಹುಲ್ಲು ಹಳದಿಗೆ ತಿರುಗುವ ದಿನಗಳಲ್ಲಿ ಮಿಡತೆಯಂಥ ದಪ್ಪ ಫ್ಲೈ ಕಟ್ಟಿ ಎದುರುಗಾಳಿಗೆ ಎಸೆದರೆ, ಅದು ಹೊಳೆಗಿಂತ ನನ್ನ ಟೋಪಿಗೇ ಹೆಚ್ಚು ಸಿಕ್ಕಿಕೊಳ್ಳುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಅದನ್ನೇ ಅಂದೆ.

ಎರಡನೆಯ ಶರತ್ಕಾಲದ ಒಂದು ಮಧ್ಯಾಹ್ನ ಮೋಡ ಕವಿದು ತುಂತುರು ಹನಿಯುತ್ತಿತ್ತು. ಇಂಥ ದಿನಗಳಲ್ಲೇ ಬ್ಲೂ ವಿಂಗ್ಡ್ ಆಲಿವ್ ಎಂಬ ಪುಟ್ಟ ಮೇಫ್ಲೈ ಕೀಟಗಳು ಹೆಚ್ಚಾಗಿ ಏಳುವುದು. ತೇವಕ್ಕೆ ರೆಕ್ಕೆ ಬೇಗ ಒಣಗದೆ, ಹಾರಲೂ ಆಗದೆ, ಹಾಯಿ ಎತ್ತಿದ ದೋಣಿಗಳಂತೆ ಬಹಳ ಹೊತ್ತು ತೇಲುತ್ತ ಹೋಗುತ್ತವೆ. ಮಡು ಮುಗಿಯುವಲ್ಲಿ, ಸೆಳವೂ ನಿಂತ ನೀರೂ ಕೂಡುವ ಗೆರೆಯ ಮೇಲೆ, ಒಂದು ಮೂತಿ ಸದ್ದಿಲ್ಲದೆ ಮೇಲೆದ್ದು ಮುಳುಗುತ್ತಿತ್ತು. ಒಂದು ಅಲೆಯ ಬಳೆ ಅಳಿಸುವಷ್ಟರಲ್ಲಿ ಇನ್ನೊಂದು. 20ನೇ ಸಂಖ್ಯೆಯ ಫ್ಲೈ ಕಟ್ಟಿದೆ, ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ದಾರದ ತುದಿಗೆ 12 ಅಡಿಯ ಲೀಡರ್ ಎಂಬ ತೆಳು ಎಳೆ, ಅದರ ಕೊನೆಗೆ ಇನ್ನೂ ತೆಳುವಾದ 6ಎಕ್ಸ್ ಟಿಪ್ಪೆಟ್. ಆ ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ.

ಮೂರನೆಯ ಎಸೆತಕ್ಕೆ ಮೂತಿ ಎದ್ದಿತು. ಗಾಬರಿಯಲ್ಲಿ ರಾಡನ್ನು ಎತ್ತಬಾರದಷ್ಟು ಜೋರಾಗಿ ಎತ್ತಿದೆ. ಎಳೆ ಕಡಿಯಲಿಲ್ಲ, ರಾಡ್ ಕಾರ್ಕಿನವರೆಗೂ ಬಾಗಿ ಆ ಹೊಡೆತವನ್ನು ನುಂಗಿಕೊಂಡಿತ್ತು. ಮೀನು ಒಮ್ಮೆ ಮೇಲಕ್ಕೆ ನೆಗೆದು, ಕೆಳಗಿನ ಬಂಡೆಗಳತ್ತ ಓಡಿತು. ಅದು ತಲೆ ಒದರಿದ ಒಂದೊಂದು ಸಲವೂ ಹಿಡಿಕೆಯಲ್ಲಿ ತಿಳಿಯುತ್ತಿತ್ತು. ಕೈ ಒದ್ದೆ ಮಾಡಿಕೊಂಡು, ಬಲೆಯನ್ನು ನೀರಿನಲ್ಲೇ ಇಟ್ಟು, ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನು ಬಿಡಿಸಿದೆ. ಬೆನ್ನು ಪಾಚಿಹಸಿರು, ಬಾಲದ ತುದಿಯವರೆಗೂ ಕಪ್ಪು ಚುಕ್ಕೆ, ಮಗ್ಗುಲಲ್ಲಿ ಕೆನ್ನೆಯಿಂದಲೇ ಹೊರಟ ಗುಲಾಬಿ ಪಟ್ಟೆ. ಅದೇ ಮಡುವಿನಲ್ಲಿ ಅಂದು ಗೆಳೆಯನ ಬಿರುಸು ರಾಡಿನಿಂದ ಎರಡು ಮೀನುಗಳು ಟಿಪ್ಪೆಟ್ ಕಡಿದುಕೊಂಡು ಹೋದವು. ಎಸೆತದಲ್ಲಿ ಅವನು ನನಗಿಂತ ಎಷ್ಟೋ ಮೇಲು.

ಆಮೇಲೆ ಲೆಕ್ಕ ಹಾಕಿ ನೋಡಿದೆ. ಈ ಹೊಳೆಯಲ್ಲಿ ನಾನು ಹಿಡಿದ ಮೀನುಗಳೆಲ್ಲ ಹೆಚ್ಚುಕಡಿಮೆ 30 ಅಡಿಯೊಳಗಿನವೇ. ಅಷ್ಟು ಗಿಡ್ಡ ದಾರದ ಭಾರಕ್ಕೆ ಬಿರುಸು ರಾಡ್ ಬಾಗುವುದೇ ಕಷ್ಟ, ಇದು ಸಲೀಸಾಗಿ ಬಾಗುತ್ತದೆ. ಬೆನ್ನಿಗೆ ಪೊದೆ ಇದ್ದು ಹಿಂದಕ್ಕೆ ಬೀಸಲು ಜಾಗವಿಲ್ಲದ ಕಡೆ ರೋಲ್ ಕಾಸ್ಟ್ ಮಾಡಲೂ, ಅಂದರೆ ದಾರವನ್ನು ನೀರಿನ ಮೇಲಿಂದಲೇ ಮುಂದಕ್ಕೆ ಉರುಳಿಸಿ ಎಸೆಯಲೂ, ಇದೇ ಹಿತ.

ಇನ್ನು ಆ ಒಂದು ಅಂಕದ ಮಾತು. ಮೂರನೆಯ ಶರತ್ಕಾಲದಲ್ಲಿ, ಅಂಗೈಯಗಲದ ಮೀನೊಂದು ಸಿಕ್ಕಿದಾಗ ತುದಿಯ ತುಂಡು ಟಪ್ಪೆಂದು ಮುರಿಯಿತು. ತಪ್ಪು ಮೀನಿನದಲ್ಲ. ಹಿಂದಿನ ವಾರ ಲೋಹದ ಮಣಿ ಪೋಣಿಸಿದ ಭಾರದ ನಿಂಫ್ (ನೀರೊಳಗಿನ ಮರಿಕೀಟದಂಥ ಫ್ಲೈ) ಎಸೆಯುವಾಗ ಅದು ರಾಡಿಗೆ ತಾಗಿ ಟಿಕ್ ಎಂದಿತ್ತು. ಕಾರ್ಬನ್ ರಾಡಿಗೆ ಇಂಥ ಪೆಟ್ಟು ಬಿದ್ದರೆ ಕಣ್ಣಿಗೆ ಕಾಣದ ಗಾಯವಾಗಿ, ಮತ್ತೆಂದೋ ಬಾಗಿದಾಗ ಅಲ್ಲೇ ಮುರಿಯುತ್ತದೆ. ಅಲ್ಲಿಯವರೆಗೆ ಪಾಪ ನನ್ನದೇ. ಆದರೆ ದುರಸ್ತಿಗೆ ಕಳುಹಿಸಿದ ಮೇಲೆ ಐದು ವಾರ ಸುದ್ದಿಯಿಲ್ಲ. ಕೊನೆಗೆ ಬಂದ ಹೊಸ ತುದಿ ನಾಲ್ಕು ವೇಟ್ ರಾಡಿನದು, ಕೂಡಿಸಿದರೆ ಸಡಿಲ. ಅದನ್ನು ಹಿಂದಿರುಗಿಸಿ ಸರಿಯಾದದ್ದು ಬರುವ ಹೊತ್ತಿಗೆ ಹೊಳೆಯ ಅಂಚಿನಲ್ಲಿ ಹಿಮ ಕಟ್ಟಿತ್ತು. ವಾರಂಟಿ ಚೀಟಿಯಲ್ಲಿ ‘ಜೀವಮಾನವಿಡೀ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಕಾಯಿಸುವುದೂ ಅದರಲ್ಲಿ ಸೇರಿದೆಯೆಂದು ಯಾರೂ ಹೇಳಿರಲಿಲ್ಲ.

ಉಳಿದದ್ದು ಸಣ್ಣಪುಟ್ಟದ್ದು. ಕಾರ್ಕಿನ ಸಂದುಗಳಿಗೆ ತುಂಬಿದ್ದ ಪುಡಿ ಅಲ್ಲಲ್ಲಿ ಉದುರಿದೆ, ಹಿಡಿತಕ್ಕೆ ತೊಂದರೆಯಿಲ್ಲ. ತುಂಡುಗಳನ್ನು ನೇರವಾಗಿ ಕೂಡಿಸಲೆಂದು ಇಟ್ಟ ಬಿಳಿ ಚುಕ್ಕೆಗಳು ಎರಡೇ ವರ್ಷಕ್ಕೆ ಅಳಿಸಿಹೋದವು, ಈಗ ಕಣ್ಣಳತೆ. ಕೂಡುವ ಜಾಗ ಮಣ್ಣು ಕಚ್ಚಿಕೊಂಡು ಬಿಗಿಯಾಗದಿರಲು ಒಂದೆರಡು ಸಲ ಮೇಣ ತಿಕ್ಕಿದರೆ ಸಾಕು. ತುದಿಯ ಉಂಗುರಗಳು ತೀರ ಸಣ್ಣವು. ಕೊರೆಯುವ ಬೆಳಗಿನಲ್ಲಿ ದಾರ ಹೊತ್ತು ತಂದ ನೀರು ಅವುಗಳಲ್ಲೇ ಹೆಪ್ಪುಗಟ್ಟಿ, ಹತ್ತು ಎಸೆತಕ್ಕೊಮ್ಮೆ ರಾಡಿನ ತುದಿಯನ್ನು ನೀರಿನಲ್ಲಿ ಅದ್ದಿ ಕರಗಿಸಬೇಕಾಗುತ್ತದೆ. ಮಂಜುಗಡ್ಡೆಯನ್ನು ಉಗುರಿನಿಂದ ಕೀಳಲು ಹೋಗಬೇಡಿ, ಉಂಗುರವೇ ಕಿತ್ತು ಬಂದೀತು. ದಾರವನ್ನು ಮಾತ್ರ ನಾನು ಎರಡು ಸಲ ಬದಲಾಯಿಸಿದ್ದೇನೆ. ಮೊದಲನೆಯದು ಹಾಳಾದದ್ದು ಕೈಗೆ ಹಚ್ಚಿಕೊಂಡ ಸೊಳ್ಳೆ ಔಷಧಿಯಿಂದ.

ಬಯಲಿನ ಗಾಳಿಯಲ್ಲಿ ದೂರ ಎಸೆಯುವವರು, ಮೀನಿನಾಕಾರದ ಭಾರೀ ಸ್ಟ್ರೀಮರ್ ಕಟ್ಟುವವರು ಇದನ್ನು ಕೊಳ್ಳಬೇಡಿ, ತೋಳು ಸೋತುಹೋದೀತು. ಹೊಸಬರಿಗೂ ಮೊದಲ ತಿಂಗಳು ಇದು ಕಾಟ ಕೊಡುತ್ತದೆ.

ಈ ವರ್ಷ ತುದಿಯಿಂದ ಎರಡನೆಯ ಉಂಗುರದ ಕಟ್ಟು ಸಡಿಲಾಗಿದೆ. ಕಂಪನಿಗೆ ಕಳುಹಿಸಿಲ್ಲ. ಫ್ಲೈ ಕಟ್ಟುವ ನೂಲನ್ನೇ ಬಿಗಿಯಾಗಿ ಸುತ್ತಿ, ಮೇಲೆ ಎಪಾಕ್ಸಿ ಹಚ್ಚಿ, ಕಿಟಕಿಯ ಬಳಿ ಒಣಗಲು ಇಟ್ಟಿದ್ದೇನೆ.