ಮಡಚುವ ಫೋನ್: ಪರದೆ ಹಿಗ್ಗಿತು, ಆ್ಯಪ್‌ಗಳು ಹಿಗ್ಗಲಿಲ್ಲ

ಪುಸ್ತಕದಂತೆ ಬಿಚ್ಚಿಕೊಳ್ಳುವ ಫೋನನ್ನು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿದ್ದೇನೆ. ಕೀಲು ಇನ್ನೂ ಬಿಗಿಯಾಗಿದೆ, ನಡುವಿನ ಗೆರೆ ಓರೆ ಬೆಳಕಿನಲ್ಲಿ ಮಾತ್ರ ಕಾಣುತ್ತದೆ. ಯಂತ್ರದ ಬಗ್ಗೆ ಇಷ್ಟು ಸಾಕು. ನನ್ನ ತಕರಾರು ಅದರೊಳಗಿನ ಆ್ಯಪ್‌ಗಳ ಮೇಲೆ.

ಓದುವುದಕ್ಕೆ ಒಳಪರದೆಗೆ ಸಾಟಿಯಿಲ್ಲ. ಪಿಡಿಎಫ್ ಪುಟವನ್ನು ಹಿಗ್ಗಿಸದೆ ಓದಬಹುದು. ಇಮೇಲ್ ತೆರೆದರೆ ಎಡಕ್ಕೆ ಪಟ್ಟಿ, ಬಲಕ್ಕೆ ಪತ್ರ. ವಿಡಿಯೋಗೆ ಮಾತ್ರ ಲಾಭ ಅಷ್ಟಕ್ಕಷ್ಟೆ. ಪರದೆ ಹೆಚ್ಚುಕಡಿಮೆ ಚೌಕವಾದ್ದರಿಂದ ಮೇಲೆ ಕೆಳಗೆ ಕಪ್ಪು ಪಟ್ಟಿಗಳು ಬಂದು ಕೂರುತ್ತವೆ.

ನಿಜವಾದ ಸಿಟ್ಟು ಬರುವುದು ಅರ್ಜಿ ತುಂಬುವಾಗ. ಹೊರಪರದೆಯಲ್ಲಿ ಹೆಸರು, ವಿಳಾಸ ಬರೆದು, ಉಳಿದದ್ದನ್ನು ಆರಾಮವಾಗಿ ತುಂಬೋಣವೆಂದು ಫೋನ್ ಬಿಚ್ಚಿದರೆ ಎಲ್ಲವೂ ಖಾಲಿ! ಪರದೆಯ ಅಳತೆ ಬದಲಾದಾಗ ಆಂಡ್ರಾಯ್ಡ್ ಸಾಮಾನ್ಯವಾಗಿ ಆ ಪುಟವನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. ತುಂಬಿದ್ದನ್ನು ಎತ್ತಿಟ್ಟುಕೊಳ್ಳುವ ಹೊಣೆ ಡೆವಲಪರ್‌ನದು. ಪರದೆ ತಿರುಗದಂತೆ ಬೀಗ ಹಾಕಿ ಈ ಕೆಲಸದಿಂದ ನುಣುಚಿಕೊಂಡವರು ಬಹಳ. ಮಡಚುವ ಫೋನಿನ ಮುಂದೆ ಆ ಉಪಾಯ ನಡೆಯುವುದಿಲ್ಲ. ಆಂಡ್ರಾಯ್ಡ್ 16ಕ್ಕೆಂದು ಸಿದ್ಧಪಡಿಸಿದ ಆ್ಯಪ್‌ಗಳಲ್ಲಂತೂ, 600 ಡಿಪಿ (ಪಿಕ್ಸೆಲ್ ಸಾಂದ್ರತೆ ಏನೇ ಇದ್ದರೂ ಗಾತ್ರ ಹೆಚ್ಚುಕಡಿಮೆ ಒಂದೇ ಇರಲೆಂದು ಆಂಡ್ರಾಯ್ಡ್ ಬಳಸುವ ಅಳತೆ) ಅಥವಾ ಅದಕ್ಕಿಂತ ಅಗಲದ ಪರದೆಯಲ್ಲಿ ವ್ಯವಸ್ಥೆಯೇ ಆ ಬೀಗವನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಆಟಗಳಿಗೆ ವಿನಾಯಿತಿ ಇದೆ.

ನಾನೂ ಆ್ಯಪ್ ಬರೆಯುವ ಕೆಲಸದಲ್ಲಿರುವುದರಿಂದ ಅವರ ಕಷ್ಟವೂ ಗೊತ್ತು. 2007ರ ಮೊದಲ ಐಫೋನಿಗೆ ಇದ್ದದ್ದು ಒಂದೇ ಪರದೆ: 3.5 ಇಂಚು, 320×480 ಪಿಕ್ಸೆಲ್. ಅಳೆದು ಕೂರಿಸಿದರೆ ಮುಗಿಯಿತು. ಈಗ ಪಿಕ್ಸೆಲ್ ಎಣಿಸುತ್ತಾ ಕೂತರೆ ಆಗದು. ಆಂಡ್ರಾಯ್ಡ್‌ನಲ್ಲಿ ಎಲ್ಲವೂ ಡಿಪಿ ಲೆಕ್ಕ. 160 ಡಿಪಿಐ (ಇಂಚಿಗೆ 160 ಪಿಕ್ಸೆಲ್) ಪರದೆಯಲ್ಲಿ ಒಂದು ಡಿಪಿಗೆ ಒಂದು ಪಿಕ್ಸೆಲ್, 480ರಲ್ಲಿ ಮೂರು. ಒತ್ತುವ ಗುಂಡಿ ಕನಿಷ್ಠ 48 ಡಿಪಿ ಇರಲಿ ಎನ್ನುತ್ತದೆ ಗೂಗಲ್. ಇಷ್ಟೆಲ್ಲ ಪಾಲಿಸಿದರೂ ಬಳಕೆದಾರ ಅಕ್ಷರದ ಗಾತ್ರ ಹೆಚ್ಚಿಸಿದ ಕೂಡಲೇ, ಎತ್ತರ ನಿಗದಿ ಮಾಡಿದ ಗುಂಡಿಗಳಲ್ಲಿ ಕನ್ನಡದ ಒತ್ತಕ್ಷರಗಳು ಅರ್ಧಕ್ಕೇ ಕತ್ತರಿಸಿಹೋಗುತ್ತವೆ. ಎಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರ್ ಮೇಲಿನ ನಕಲಿ ಫೋನಿನಲ್ಲಿ, ಫೋನನ್ನು ಮಡಚಿ ಬಿಚ್ಚಿ ಪರೀಕ್ಷಿಸಬಹುದು, ಸರಿ. ಆದರೆ ಎಡ ಮೇಲ್ತುದಿಯ ಮೆನುಗೆ ಬಲಗೈ ಹೆಬ್ಬೆರಳು ಎಟಕುತ್ತದೆಯೇ ಎಂಬುದು ಮೌಸ್ ಹಿಡಿದವರಿಗೆ ತಿಳಿಯುವುದಿಲ್ಲ. ನನ್ನ ಫೋನಿನಲ್ಲಿ ಎಟಕುವುದಿಲ್ಲ.

ಓದು, ಟಿಪ್ಪಣಿ, ನಕ್ಷೆ ನಿಮ್ಮ ಮುಖ್ಯ ಬಳಕೆಯಾದರೆ ಧಾರಾಳವಾಗಿ ಕೊಳ್ಳಿ. ಹಣ ವರ್ಗಾವಣೆ, ಅರ್ಜಿ, ಬುಕಿಂಗ್‌ಗಳೇ ಹೆಚ್ಚಾದರೆ, ಇಂಥ ಫೋನ್ ಇರುವ ಪರಿಚಿತರ ಬಳಿ ನಿಮ್ಮ ಆ್ಯಪ್‌ಗಳನ್ನು ಮೊದಲು ಬಿಚ್ಚಿ ಮಡಚಿ ನೋಡಿ.