ಕ್ಲಬ್ಬಾ, ಹಾಲಾ, ಬಯಲಾ? ಹಾಡು ಕೇಳೋಕೆ ಊರು ಬಿಟ್ಟು ಹೋಗುವವರಿಗೆ

ತಾವೇ ಹಾಡು ಬರೆದು, ತಾವೇ ಗಿಟಾರ್ ಹಿಡಿದು ಹಾಡುತ್ತಾರಲ್ಲ, ಅಂಥವರನ್ನು ಕೇಳೋಕೆ ಅಂತಲೇ ವೀಕೆಂಡಿಗೆ ಬೇರೆ ಊರಿಗೆ ಹೋಗುವ ಚಟ ನನಗಿದೆ. ಚಿಕ್ಕ ಕ್ಲಬ್ಬು, ಸೀಟು ಇರುವ ದೊಡ್ಡ ಹಾಲು, ಬಯಲಿನ ಫೆಸ್ಟಿವಲ್ಲು, ಮೂರೂ ನೋಡಿದ್ದೇನೆ. ನಾನು ಅಳೆಯೋದು ಒಂದರಿಂದಲೇ: ಪದಗಳು ಸರಿಯಾಗಿ ಕೇಳಿಸುತ್ತವಾ? ಇಂಥ ಹಾಡಿನಲ್ಲಿ ಮುಕ್ಕಾಲು ಪಾಲು ಸಾಹಿತ್ಯವೇ. ಅದೇ ಕೇಳಿಸದಿದ್ದರೆ ಮನೆಯಲ್ಲೇ ಹೆಡ್‌ಫೋನ್ ಹಾಕ್ಕೊಂಡು ಕೂರಬಹುದು, ಅಲ್ವಾ.

ನೂರಿನ್ನೂರು ಜನ ಹಿಡಿಸುವ ಕ್ಲಬ್ಬಿನಲ್ಲಿ ನನಗೆ ಇಷ್ಟವಾಗೋದು ಎರಡು ಹಾಡಿನ ನಡುವಿನ ಹೊತ್ತು. ಗಾಯಕಿ ಕೇಪೋ (ಗಿಟಾರಿನ ಕತ್ತಿಗೆ ಹಾಕಿ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಕಳಚಿ ಎರಡು ಫ್ರೆಟ್, ಅಂದ್ರೆ ಕತ್ತಿನ ಮೇಲಿನ ಎರಡು ಮನೆ, ಮೇಲಕ್ಕೆ ಹಾಕುತ್ತಾಳೆ, ದಪ್ಪ ತಂತಿಯನ್ನು ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸುತ್ತಾಳೆ, ಆ ಅರ್ಧ ನಿಮಿಷ ಸುಮ್ನೆ ನಿಲ್ಲೋಕಾಗದೆ ಈ ಹಾಡು ಹೇಗೆ ಬಂತು ಅಂತ ಏನೋ ಹೇಳೋಕೆ ಶುರು ಮಾಡುತ್ತಾಳೆ, ಆ ಕಥೆ ಮುಗಿಯುವ ಮೊದಲೇ ಬೆರಳು ಹಾಡಿಗೆ ಇಳಿದಿರುತ್ತದೆ. ತಂತಿಯ ಮೇಲೆ ಬೆರಳು ಜಾರುವ ಕೀರಲು ಸದ್ದೂ ಕೇಳಿಸುತ್ತದೆ. ಬೇರೆ ಎಲ್ಲೂ ಇದು ಸಿಗಲ್ಲ.

ತೊಂದರೆಯೂ ಇದೆ. ಶನಿವಾರ ರಾತ್ರಿ ಬಾರ್ ಹತ್ತಿರ ನಿಂತವರಿಗೆ ಹಾಡಿಗಿಂತ ಹರಟೆ ಮುಖ್ಯ. ಟಿಕೆಟ್ಟಿನಲ್ಲಿರುವ ಟೈಮು ಎಷ್ಟೋ ಸಲ ಬಾಗಿಲು ತೆರೆಯುವ ಟೈಮು, ನೀವು ಕೇಳಬೇಕಾದವರು ಬರೋದು ಬೇರೊಬ್ಬರು ಹಾಡಿ ಮುಗಿಸಿದ ಮೇಲೆ. ಕೊನೇ ರೈಲು ನೋಡಿಕೊಂಡು ಹೋದವರಿಗೆ ಇದು ದೊಡ್ಡ ತಲೆನೋವು.

ಹಾಲಿನಲ್ಲಿ ಆ ಗೋಳಿಲ್ಲ. ಸೀಟ್ ನಂಬರ್ ಇದೆ, ಹೇಳಿದ ಹೊತ್ತಿಗೆ ಶುರು, ಜನ ಬಾಯಿ ಮುಚ್ಚಿ ಕೂರುತ್ತಾರೆ. ಆದರೆ ಆರ್ಕೆಸ್ಟ್ರಾಗೆ ಅಂತ ಕಟ್ಟಿದ ಹಾಲಿನಲ್ಲಿ ದನಿ ಸುಮಾರು 2 ಸೆಕೆಂಡ್ ಗುಂಯ್‌ಗುಡುತ್ತದೆ. ಪಿಟೀಲಿಗೆ ಅದು ಚೆಂದ, ಪದಗಳಿಗೆ ಅಲ್ಲ. ಮಾತು ಸ್ಪಷ್ಟವಾಗಿರಬೇಕಾದರೆ ಅದರ ಅರ್ಧದಷ್ಟು ಸಾಕು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಶುರುವಾಗಿದ್ದು 1871ರಲ್ಲಿ, ಅಲ್ಲಿನ ಪ್ರತಿಧ್ವನಿ ಹತೋಟಿಗೆ ತರೋಕೆ ಅಣಬೆ ಆಕಾರದ ಫೈಬರ್‌ಗ್ಲಾಸ್ ತಟ್ಟೆಗಳನ್ನು ಚಾವಣಿಗೆ ನೇತುಹಾಕಿದ್ದು 1969ರಲ್ಲಿ! ಇನ್ನು ಸೀಟು ಆರಿಸುವಾಗ ಬಾಲ್ಕನಿ ಕೆಳಗಿನ ಹಿಂದಿನ ಸಾಲು ಬೇಡ, ಅಲ್ಲಿ ಸದ್ದು ಮಂಕಾಗಿರುತ್ತದೆ. ತೀರಾ ಮುಂದಿನ ಸಾಲಿನಲ್ಲಿ ಸ್ಪೀಕರ್ ಸದ್ದು ತಲೆ ಮೇಲೆ ಹಾದು ಹೋಗಿಬಿಡಬಹುದು. ಸದ್ದು ಹೊಂದಿಸುವ ಮಿಕ್ಸಿಂಗ್ ಡೆಸ್ಕ್ ಎಲ್ಲಿದೆಯೋ ಅದರ ಮುಂದೆ ಕೂತರೆ ಒಳ್ಳೇದು, ಯಾಕಂದ್ರೆ ಸೌಂಡ್ ಇಂಜಿನಿಯರ್ ತನ್ನ ಕಿವಿಗೆ ಬೀಳೋದನ್ನೇ ತಾನೇ ಸರಿ ಮಾಡೋದು.

ಬಯಲಿನ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಒಬ್ಬರ ಹಿಂದೆ ಒಬ್ಬರು ಸ್ಟೇಜ್ ಹತ್ತುವುದರಿಂದ ಪೂರ್ತಿ ಸೌಂಡ್‌ಚೆಕ್ಕಿಗೆ ಟೈಮೇ ಇರಲ್ಲ, ಮೊದಲ ಹಾಡು ಅದರಲ್ಲೇ ಹೋಗುತ್ತದೆ. ಮೆಲುದನಿಯ ಸಾಲು ಬರುವ ಹೊತ್ತಿಗೇ ಪಕ್ಕದ ಸ್ಟೇಜಿನ ಡ್ರಮ್ಮು ಧಬಧಬ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಹಾಗಾಗಿ ನೂರು ಮೀಟರ್ ಹಿಂದೆ ನಿಂತರೆ ಸ್ಟೇಜಿನಿಂದ ಬರುವ ದನಿ ತುಟಿ ಅಲುಗಿದ ಮೇಲೆ ಬರುತ್ತದೆ, ಡಬ್ಬಿಂಗ್ ಸಿನಿಮಾ ನೋಡಿದ ಹಾಗೆ. ಹೆಸರೇ ಕೇಳದ ಐದಾರು ಜನರನ್ನು ಒಂದೇ ದಿನ ಕೇಳಿಬಿಡಬಹುದು ಅನ್ನೋದಷ್ಟೇ ಲಾಭ.

ಹಾಡುವವರು ಒಬ್ಬರೇ ಬರುತ್ತಾರೆ ಅಂದ್ರೆ ನನ್ನ ವೋಟು ಕ್ಲಬ್ಬಿಗೆ, ಅದೂ ನಡೆದು ಹೋಗುವಷ್ಟು ಹತ್ತಿರ ರೂಮು ಸಿಕ್ಕರೆ. ಬ್ಯಾಂಡ್ ಜೊತೆ ಬಂದರೆ ಚಿಕ್ಕ ಜಾಗದಲ್ಲಿ ಡ್ರಮ್ಮೇ ದನಿಯನ್ನು ನುಂಗಿಹಾಕುತ್ತದೆ, ಆಗ ಹಾಲೇ ವಾಸಿ. ಕ್ಲಬ್ಬಿಗೆ ಹೋಗುವವರು ಇಯರ್‌ಪ್ಲಗ್ ಇಟ್ಟುಕೊಳ್ಳಿ, ಫೋಮಿನದ್ದಲ್ಲ, ಸಂಗೀತಗಾರರು ಹಾಕುವ ಫಿಲ್ಟರ್ ಇರುವಂಥದ್ದು. ಫೋಮ್ ಹಾಕಿದರೆ ತಾರಸ್ಥಾಯಿಯ, ಅಂದ್ರೆ ತೀಕ್ಷ್ಣವಾದ ಸದ್ದೇ ಜಾಸ್ತಿ ಕಡಿಮೆಯಾಗಿ ಪದಗಳು ಮಸುಕಾಗುತ್ತವೆ.