ಓವನ್ ಬೋರ್ಡ್ ಹೋಗಿದೆ ಅಂದರೆ, ದುಡ್ಡು ಕೊಡುವ ಮೊದಲು ಸೆನ್ಸರ್ ಅಳೆಸಿ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಮನೆಯಲ್ಲೇ ಕೇಕ್ ಮಾಡಿ ಮಾರುವವರು ಇದನ್ನು ದಯವಿಟ್ಟು ಓದಿ. ಓವನ್ ಸರಿಯಾಗಿ ಬಿಸಿಯಾಗುತ್ತಿಲ್ಲ ಅಂತ ಕರೆಸಿದ ರಿಪೇರಿಯವನು ಅಳೆಯುವ ಮೀಟರನ್ನೇ ಹೊರಗೆ ತೆಗೆಯದೆ "ಬೋರ್ಡ್ ಹೋಗಿದೆ" ಅಂದರೆ ಒಪ್ಪಬೇಡಿ. ನನ್ನ 11,800 ರೂಪಾಯಿ ಹೋಗಿದ್ದು ಹೀಗೆಯೇ. ಬೋರ್ಡ್ ಅಂದರೆ ಓವನಿನ ಬಿಸಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್.

ನಮ್ಮದು ಗೋಡೆಯೊಳಗೆ ಕೂರಿಸುವ, ಡಿಸ್‌ಪ್ಲೇ ಇರುವ ಎಲೆಕ್ಟ್ರಿಕ್ ಓವನ್. ಮಳೆಗಾಲ ಮುಗಿಯುವ ಹೊತ್ತಿಗೆ ತಕರಾರು ಶುರುವಾಯಿತು. 180 ಇಟ್ಟರೂ ಕೇಕಿನ ಮೇಲೆ ಬಣ್ಣ ಬರುವುದಿಲ್ಲ, ನಡುವೆ ಕುಸಿಯುತ್ತದೆ, ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಿಕೊಂಡು ಬರುತ್ತದೆ. ಬೇಕಿಂಗ್ ಪೌಡರ್ ಹಳತಾಗಿರಬೇಕು ಅಂದರು ಅತ್ತೆ. ಅದು ಹೊಸತೇ ಇತ್ತು.

ಆಗ ಸಕ್ಕರೆ ಇಟ್ಟು ನೋಡಿದೆ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಓವನ್ ಚೆನ್ನಾಗಿ ಕಾದ ಮೇಲೆ ಫಾಯಿಲ್ ತುಂಡಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ ಕಾಲು ಗಂಟೆ ಒಳಗಿಡಬೇಕು. 175ರಲ್ಲಿ ಕರಗಬಾರದು, 190ರಲ್ಲಿ ಕರಗಬೇಕು. ನನ್ನ ಓವನ್ 200 ತೋರಿಸುತ್ತಿತ್ತು, ಒಳಗಿನ ಸಕ್ಕರೆ ಬೆಳ್ಳಗೆ, ಹರಳು ಹರಳಾಗಿ ಹಾಗೆಯೇ ಕೂತಿತ್ತು.

ಇನ್ನೊಂದು ಸುಳಿವೂ ಇತ್ತು. ಬೆಳಿಗ್ಗೆ ಆನ್ ಮಾಡಿದ ಕೂಡಲೇ, ಓವನ್ ತಣ್ಣಗಿರುವಾಗಲೇ, ಡಿಸ್‌ಪ್ಲೇಯಲ್ಲಿ 60 ಡಿಗ್ರಿ ಬರುತ್ತಿತ್ತು. ನಮ್ಮ ಅಡುಗೆಮನೆ ಎಷ್ಟೇ ಸೆಖೆಯಾದರೂ 60 ಇರುತ್ತದಾ? ಮಂಗಳೂರಿನ ಸರ್ವಿಸ್ ಸೆಂಟರಿನಿಂದ ಬಂದ ಹುಡುಗನಿಗೆ ಇದನ್ನು ತೋರಿಸಿಯೇ ಹೇಳಿದೆ. "ಅಕ್ಕಾ, ಅದು ಬೋರ್ಡಿನದ್ದೇ ಪ್ರಾಬ್ಲಂ. ಬೋರ್ಡ್ ಚೇಂಜ್ ಮಾಡಿದ್ರೆ ಎಲ್ಲ ಸರಿಯಾಗ್ತದೆ" ಅಂದ. ಓವನನ್ನು ಗೋಡೆಯಿಂದ ಪೂರ್ತಿ ಹೊರಗೆಳೆಯಲೂ ಇಲ್ಲ. ತಲಪಾಡಿ ದಾಟಿ ಕೇರಳಕ್ಕೆ ಬಂದದ್ದಕ್ಕೆ ಚಾರ್ಜ್ ಬೇರೆ ಜಾಸ್ತಿ. ಬೋರ್ಡ್ ಹಾಕಿ, ಹಳೆಯದನ್ನು ಚೀಲಕ್ಕೆ ಸೇರಿಸಿಕೊಂಡು ಹೋದ.

ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ 60. ಫೋನ್ ಮಾಡಿದರೆ "ಹೊಸ ಬೋರ್ಡ್ ಅಲ್ವಾ, ನಾಲ್ಕು ದಿನ ಓಡಲಿ, ಸೆಟ್ ಆಗ್ತದೆ" ಅಂದರು. ಬೋರ್ಡ್ ಏನು ಹೊಸ ಚಪ್ಪಲಿಯಾ, ಹಾಕಿ ಹಾಕಿ ಸರಿಯಾಗಲು? ಆಮೇಲೆ ಸೆನ್ಸರ್‌ ಕೂಡ ಬದಲಿಸಬೇಕು, ಇನ್ನೂ 3,200 ಆಗುತ್ತದೆ ಅಂದರು. ಬೇಡ ಅಂದೆ.

ಕೊನೆಗೆ ಸರಿ ಮಾಡಿಕೊಟ್ಟವರು ಹೊಸಂಗಡಿಯಲ್ಲಿ ಮಿಕ್ಸಿ, ಮೋಟಾರ್ ರಿಪೇರಿ ಮಾಡುವ ಒಬ್ಬರು. ಮೊದಲು ಮೇನ್ ಆಫ್ ಮಾಡಿ, ಓವನ್ ಹೊರಗೆಳೆದು, ಹಿಂದಿನ ತಗಡು ಬಿಚ್ಚಿದರು. ಓವನ್ ಒಳಗಿನ ಹಿಂಬದಿ ಗೋಡೆಯಿಂದ ಸಪೂರ ಸ್ಟೀಲ್ ಕಡ್ಡಿಯೊಂದು ಮುಂದಕ್ಕೆ ಚಾಚಿಕೊಂಡಿರುತ್ತದೆ, ಒಳಗಿನ ಬಿಸಿಯನ್ನು ಬೋರ್ಡಿಗೆ ತಿಳಿಸುವ ಸೆನ್ಸರ್ ಅದೇ. ನಮ್ಮದರಲ್ಲಿರುವುದು ಪಿಟಿ1000 ಜಾತಿಯದ್ದು. ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸೊನ್ನೆ ಡಿಗ್ರಿಯಲ್ಲಿ 1000 ಓಮ್ ಇರುತ್ತದೆ, ಬಿಸಿ ಏರಿದ ಹಾಗೆ ಡಿಗ್ರಿಗೆ ನಾಲ್ಕು ಓಮ್‌ಗೆ ಸ್ವಲ್ಪ ಕಡಿಮೆ ಅನ್ನುವಷ್ಟು ಏರುತ್ತದೆ. 30 ಡಿಗ್ರಿಯ ಕೋಣೆಯಲ್ಲಿ ಸುಮಾರು 1117 ಬರಬೇಕು.

ಅವರು ಎರಡು ಕಡೆ ಅಳೆದರು. ಬೋರ್ಡಿಗೆ ಹೋಗುವ ವಯರಿನ ತುದಿಯಲ್ಲಿ ಹಿಡಿದಾಗ 1230ರ ಆಸುಪಾಸು, ವಯರ್ ಅಲ್ಲಾಡಿಸಿದರೆ ಅಂಕಿಯೂ ಕುಣಿಯುತ್ತಿತ್ತು. ಸೆನ್ಸರಿನ ಕಾಲಿಗೇ ನೇರ ಹಿಡಿದಾಗ 1117, ಅಲುಗಾಟವೇ ಇಲ್ಲ. ಅಂದರೆ ಬೋರ್ಡೂ ಸರಿ, ಸೆನ್ಸರೂ ಸರಿ. ಇವೆರಡರ ನಡುವಿನ ಕನೆಕ್ಟರ್ ಕೆಟ್ಟಿತ್ತು. ಬಿಚ್ಚಿ ತೋರಿಸಿದರು: ಪಿನ್ನಿನ ಮೇಲೆ ಹಸಿರು ಕಿಲುಬು. ಕಡಲ ಬದಿಯ ಉಪ್ಪುಗಾಳಿ, ಅದರ ಮೇಲೆ ಮಳೆಗಾಲದ ತೇವ, ಇನ್ನೇನಾಗುತ್ತದೆ?

ಕಿಲುಬಿನಿಂದ ನೂರಹದಿನೈದು ಓಮ್‌ನಷ್ಟು ಸೇರಿಕೊಂಡರೆ, ಒಳಗೆ 30 ಡಿಗ್ರಿ ಜಾಸ್ತಿ ಇದೆ ಅಂತ ಬೋರ್ಡ್ ತಿಳಿಯುತ್ತದೆ. 180 ಆಯಿತು ಅಂತ ಕಾಯಿಲ್ ಆಫ್ ಮಾಡುತ್ತದೆ, ಒಳಗೆ 150 ಮಾತ್ರ. ಹೊಸ ಬೋರ್ಡ್ ಹಾಕಿದರೂ ಅದು ಓದುವುದು ಅದೇ ತಪ್ಪು ಅಂಕಿಯನ್ನು ತಾನೇ? ತಣ್ಣಗಿರುವಾಗ 60 ತೋರಿಸಿದ್ದೂ ಇದಕ್ಕೇ.

ಕನೆಕ್ಟರ್ ಕತ್ತರಿಸಿ ಪಿಂಗಾಣಿಯ ಕನೆಕ್ಟರ್ ಹಾಕಿದರು. ಅಲ್ಲಿ ಮಾಮೂಲಿ ಇನ್ಸುಲೇಷನ್ ಟೇಪ್ ಸುತ್ತಲು ಬಿಡಬೇಡಿ, ಬಿಸಿಗೆ ಕರಗುತ್ತದೆ. ಎಲ್ಲ ಸೇರಿ 600 ರೂಪಾಯಿ.

ಎಲ್ಲ ಓವನ್‌ಗೂ ಇದೇ ಅಂಕಿ ಅಲ್ಲ. ಕೆಲವದರಲ್ಲಿ ಪಿಟಿ500 ಇರುತ್ತದೆ, ಅದು ಸುಮಾರು ಅರ್ಧ ತೋರಿಸುತ್ತದೆ. ಕೈಯಲ್ಲಿ ತಿರುಗಿಸುವ ನಾಬ್ ಮಾತ್ರ ಇರುವ ಓಟಿಜಿಗಳಲ್ಲಿ (ಮೇಜಿನ ಮೇಲಿಡುವ ಚಿಕ್ಕ ಓವನ್) ಸಾಮಾನ್ಯವಾಗಿ ಬೋರ್ಡೂ ಇಲ್ಲ, ಇಂಥ ಸೆನ್ಸರೂ ಇಲ್ಲ. ಸಾದಾ ಥರ್ಮೋಸ್ಟಾಟ್ ಅಷ್ಟೇ. ಅದಕ್ಕೂ ಯಾರಾದರೂ ಬೋರ್ಡ್ ಅಂದರೆ ಬಾಗಿಲು ತೋರಿಸಿ. ಓದಿದೆವು ಅಂತ ನೀವೇ ತಗಡು ಬಿಚ್ಚಲು ಹೋಗಬೇಡಿ, ಒಳಗೆ 230 ವೋಲ್ಟ್ ಇರುತ್ತದೆ. ಬಂದವರ ಪಕ್ಕ ನಿಂತು, ಎರಡೂ ಕಡೆ ಅಳೆದು ಅಂಕಿ ತೋರಿಸಲು ಹೇಳಿ. ಹಳೆಯ ಬೋರ್ಡನ್ನು ಒಯ್ಯಲು ಬಿಡಬೇಡಿ, ಬಿಲ್ಲಿನಲ್ಲಿ ಯಾವ ಭಾಗ ಹಾಕಿದರು ಅಂತ ಬರೆಸಿಕೊಳ್ಳಿ.

ನಾನು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಅದರಲ್ಲಿ ಆಗದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕ ಇಲ್ಲ. ಬೋರ್ಡಿನ ದುಡ್ಡು ಇನ್ನೂ ವಾಪಸ್ ಬಂದಿಲ್ಲ.